ಮೂರು ವರ್ಷದ ಬುದ್ಧಿ: ವಯಸ್ಕ ಮಿದುಳಿನ ಕಾಂಡಕೋಶಗಳ ಚರಿತ್ರೆಯಲ್ಲಿ ದಕ್ಷಿಣ ಬೆಂಗಳೂರು

1

'ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬುದು ಇದರ ಒಡಹುಟ್ಟಿದ ಮಾತು. 'ಅರವತ್ತಕ್ಕೆ ಅರಳು ಮರಳು' ಎಂಬುದು ಇವೆರಡರ ಮುಂದುವರಿಕೆ. ಈ ಮೂರನ್ನೂ ಒಂದೆಡೆ ಇಟ್ಟು ನೋಡಿದರೆ ಮಿದುಳನ್ನು ಕುರಿತ ಒಂದು ಪೂರ್ಣ ಸಿದ್ಧಾಂತವೇ ನಮ್ಮ ಮೌಖಿಕ ಪರಂಪರೆಯಲ್ಲಿ ಅಡಗಿರುವುದು ಕಾಣುತ್ತದೆ. ಎಳವೆಯಲ್ಲಿ ಕಟ್ಟಬೇಕಾದದ್ದೆಲ್ಲವನ್ನೂ ಕಟ್ಟಿ ಮುಗಿಸಲಾಗುತ್ತದೆ, ನಡುವಯಸ್ಸಿನಲ್ಲಿ ಅದು ಇದ್ದಂತೆ ಇರುತ್ತದೆ, ಮುಪ್ಪಿನಲ್ಲಿ ಸವೆಯುತ್ತದೆ. ಹಸುಗೂಸಿನ ನೆತ್ತಿಗೆ ಹರಳೆಣ್ಣೆ ಒತ್ತುವ ಅಜ್ಜಿಯರು 'ನೆತ್ತಿ ಕೂಡುವ' ತನಕ ತೋರುವ ಎಚ್ಚರವನ್ನು ಆಮೇಲೆ ತೋರುವುದಿಲ್ಲ. ತೆರೆದದ್ದು ಮುಚ್ಚಿಕೊಂಡ ಮೇಲೆ ಒಳಗಿನ ಕೆಲಸವೂ ಮುಗಿಯಿತೆಂಬುದು ಆ ಎಚ್ಚರದ ಹಿಂದಿರುವ ತಿಳಿವಳಿಕೆ.

ಆಧುನಿಕ ನರವಿಜ್ಞಾನವೂ ಸುಮಾರು ಒಂದು ಶತಮಾನ ಕಾಲ ಇದೇ ಮಾತನ್ನು ಹೇಳುತ್ತ ಬಂದಿತು. ಸ್ಪೇನ್ ದೇಶದ ಸಾಂಟಿಯಾಗೊ ರಮೊನ್ ಇ ಕಹಾಲ್ 1906ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿದ್ವಾಂಸ. 1913-14ರಲ್ಲಿ ಪ್ರಕಟವಾದ ತನ್ನ ಬೃಹತ್ ಗ್ರಂಥದಲ್ಲಿ ಆತ, ವಯಸ್ಕ ಪ್ರಾಣಿಯ ಮಿದುಳಿನ ನರಮಾರ್ಗಗಳು ಸ್ಥಿರವಾದವು, ಅಲ್ಲಿ ಸಾಯುವುದು ಉಂಟೇ ಹೊರತು ಮರುಹುಟ್ಟು ಇಲ್ಲ ಎಂಬ ಅರ್ಥದ ಮಾತನ್ನು ಬರೆದ. ಸಾಧ್ಯವಾದರೆ ಈ ಕಠೋರ ತೀರ್ಪನ್ನು ಮುಂದಿನ ವಿಜ್ಞಾನ ಬದಲಿಸಲಿ ಎಂಬ ಆಶಯವನ್ನೂ ಅಲ್ಲಿಯೇ ಸೇರಿಸಿದ್ದ. ಪರಂಪರೆ ಮೊದಲ ಭಾಗವನ್ನು ಉಳಿಸಿಕೊಂಡು ಎರಡನೆಯದನ್ನು ಉದುರಿಸಿಬಿಟ್ಟಿತು. ಮೌಖಿಕ ಪಠ್ಯಗಳನ್ನು ಸಂಗ್ರಹಿಸುವವರಿಗೆ ಈ ಬಗೆಯ ಉದುರುವಿಕೆ ಹೊಸದಲ್ಲ. ಬಾಯಿಂದ ಬಾಯಿಗೆ ಸಾಗುವ ಮಾತು ತನ್ನ ಷರತ್ತುಗಳನ್ನು ಕಳಚಿಕೊಳ್ಳುತ್ತಲೇ ಗಾದೆಯಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ಆ ಗಾದೆಯಂತಹ ಸಿದ್ಧಾಂತ ಹೇಗೆ ನಿಂತಿತು, ಹೇಗೆ ಅಲುಗಿತು, ವಯಸ್ಕ ಮಿದುಳಿನ ಕಾಂಡಕೋಶಗಳನ್ನು ಆಳುವ ವೃದ್ಧಿಕಾರಕಗಳು ಅದರಲ್ಲಿ ವಹಿಸಿದ ಪಾತ್ರವೇನು ಎಂಬುದನ್ನು ಪರಿಶೀಲಿಸಲಾಗಿದೆ. ಜೊತೆಗೆ, ದಕ್ಷಿಣ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಜನರ ಬಾಯಲ್ಲಿರುವ ನಿಮ್ಹಾನ್ಸ್, ಈ ಚರಿತ್ರೆಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗುರುತಿಸಲು ಯತ್ನಿಸಲಾಗಿದೆ. ವಿಜ್ಞಾನದ ವಿಷಯಕ್ಕೆ ಜಾನಪದದವರು ಕೈಹಾಕುವುದೇಕೆ ಎಂಬ ಪ್ರಶ್ನೆ ಏಳಬಹುದು. ಮನುಷ್ಯರ ಮಿದುಳಿನಲ್ಲಿ ವಯಸ್ಸಾದ ಮೇಲೂ ಹೊಸ ನರಕೋಶ ಹುಟ್ಟುತ್ತದೆಯೇ ಎಂಬ ವಾದ ಕೊನೆಗೆ ಬಂದು ನಿಲ್ಲುವುದು ಸತ್ತವರ ಮನೆಯ ಬಾಗಿಲಲ್ಲಿ. ಅಲ್ಲಿಂದಾಚೆಗಿನದು ನಮ್ಮ ಶಿಸ್ತಿನ ವಿಷಯವೂ ಹೌದು.

2

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ 'ಸ್ಟೆಮ್ ಸೆಲ್' ಎಂಬುದಕ್ಕೆ 'ಕಾಂಡಕೋಶ', 'ಆಕರಕೋಶ' ಎಂಬ ಎರಡು ಪದಗಳು ಬಳಕೆಯಲ್ಲಿವೆ. ಜರ್ಮನ್ ಭಾಷೆಯ ಮೂಲಪದವನ್ನು 1868ರಲ್ಲಿ ಬಳಕೆಗೆ ತಂದವನು ಅರ್ನ್ಸ್ಟ್ ಹೆಕೆಲ್. ವಂಶವೃಕ್ಷಗಳನ್ನು ಬರೆಯುವುದರಲ್ಲಿ ಆಸಕ್ತನಾಗಿದ್ದ ಆತನಿಗೆ ಆ ಪದದಲ್ಲಿದ್ದದ್ದು ಕುಲದ ಬೊಡ್ಡೆ ಎಂಬ ಅರ್ಥ. ನಮ್ಮ ಒಳನಾಡಿನ 'ಬೆಡಗು', ಕರಾವಳಿಯ 'ಬಳಿ' ಎಂಬ ಕಲ್ಪನೆಗಳಿಗೆ ಅದು ಹೆಚ್ಚು ಹತ್ತಿರ. 'ಕಾಂಡ' ಎಂದಾಗ ಓದುಗರಿಗೆ ದಂಟು ನೆನಪಾಗುತ್ತದೆಯೇ ಹೊರತು ಕುಲ ನೆನಪಾಗುವುದಿಲ್ಲ. ಆದರೂ ಪತ್ರಿಕೆಗಳಲ್ಲಿ ಹೆಚ್ಚು ಊರಿರುವ ಪದವಾದ್ದರಿಂದ ಇಲ್ಲಿ ಕಾಂಡಕೋಶವನ್ನೇ ಬಳಸಿದ್ದೇನೆ. ತಾನು ವಿಭಜನೆಗೊಂಡು ಒಂದು ಕಡೆ ತನ್ನಂಥದೇ ಕೋಶವನ್ನು ಉಳಿಸಿಕೊಂಡು, ಇನ್ನೊಂದು ಕಡೆ ಬೇರೆ ಕಸುಬಿನ ಕೋಶವನ್ನು ಕೊಡಬಲ್ಲದ್ದು ಕಾಂಡಕೋಶ. ಅದು ಯಾವಾಗ ವಿಭಜನೆಗೊಳ್ಳಬೇಕು, ಯಾವಾಗ ಸುಮ್ಮನಿರಬೇಕು, ಮಗುಕೋಶ ಯಾವ ಕಸುಬು ಹಿಡಿಯಬೇಕು ಎಂಬ ಸೂಚನೆಗಳನ್ನು ಹೊತ್ತು ಬರುವ ಪ್ರೋಟೀನುಗಳೇ ವೃದ್ಧಿಕಾರಕಗಳು. ಇಂಗ್ಲಿಷಿನ ಗ್ರೋತ್ ಫ್ಯಾಕ್ಟರ್‌ಗಳು.

ವಯಸ್ಕ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ ಎಂಬ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 1962ರಲ್ಲಿ. ಜೋಸೆಫ್ ಆಲ್ಟ್‌ಮನ್ ವಿಕಿರಣಶೀಲ ಥೈಮಿಡಿನ್ ಎಂಬ ವಸ್ತುವನ್ನು ಇಲಿಗಳಿಗೆ ಕೊಟ್ಟು, ಹೊಸದಾಗಿ ವಿಭಜನೆಗೊಂಡ ಕೋಶಗಳಿಗೆ ಗುರುತು ಹಚ್ಚಿ ನೋಡಿದರು. 1965ರಲ್ಲಿ ಆಲ್ಟ್‌ಮನ್ ಮತ್ತು ಗೋಪಾಲ ದಾಸ್ ಸೇರಿ, ಇಲಿಯ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಹುಟ್ಟಿನ ನಂತರವೂ ನರಕೋಶಗಳು ಹುಟ್ಟುತ್ತವೆಂದು ತೋರಿಸುವ ವಿಸ್ತೃತ ಲೇಖನ ಪ್ರಕಟಿಸಿದರು. ಹಿಪ್ಪೊಕ್ಯಾಂಪಸ್ ಎಂಬುದು ಕಡಲಕುದುರೆಯ ಆಕಾರದ, ನೆನಪನ್ನು ಕಟ್ಟುವ ಭಾಗ. ಈ ಕ್ಷೇತ್ರದ ಅಡಿಗಲ್ಲಿನಲ್ಲಿ ನಮ್ಮ ಕಡೆಯ ಒಂದು ಹೆಸರಿರುವುದನ್ನು ಗಮನಿಸುವವರು ಕಡಿಮೆ. ಲೇಖನವನ್ನು ಯಾರೂ ತಪ್ಪೆಂದು ಸಾಧಿಸಲಿಲ್ಲ. ಅದನ್ನು ಓದಿ ಪಕ್ಕಕ್ಕಿಟ್ಟರು. 1977ರಲ್ಲಿ ಮೈಕೆಲ್ ಕ್ಯಾಪ್ಲನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಆ ಹೊಸ ಕೋಶಗಳು ನರಕೋಶಗಳೇ ಎಂದು ತೋರಿಸಿದಾಗಲೂ ಅದೇ ಆಯಿತು. ಮುಂದೆ 2001ರಲ್ಲಿ ಕ್ಯಾಪ್ಲನ್ ಬರೆದ ನೆನಪಿನ ಬರಹದ ಶೀರ್ಷಿಕೆಯೇ ಒಂದು ಸಿದ್ಧಾಂತದ ಜೊತೆಗೆ ಒಂದು ಸಂಶೋಧನಾ ಬದುಕೂ ಸತ್ತ ಕಥೆ ತನ್ನದೆಂದು ಸಾರುತ್ತದೆ. 1985ರಲ್ಲಿ ಪ್ಯಾಸ್ಕೊ ರಾಕಿಚ್ ರೀಸಸ್ ಕೋತಿಗಳನ್ನು ಪರೀಕ್ಷಿಸಿ, ವಯಸ್ಕ ಕೋತಿಯ ಮಿದುಳಿನಲ್ಲಿ ಹೊಸ ನರಕೋಶ ಕಾಣಲಿಲ್ಲವೆಂದು ವರದಿ ಮಾಡಿದರು. ಕಲಿತದ್ದನ್ನು ಕಾಪಾಡಿಕೊಳ್ಳಬೇಕಾದ ಪ್ರಾಣಿಗೆ ಸ್ಥಿರವಾದ ಕೋಶಗಳೇ ಬೇಕು ಎಂಬುದು ಅವರ ವಾದ. ಇದು 'ಮೂರು ವರ್ಷದ ಬುದ್ಧಿ'ಗೆ ಪ್ರಯೋಗಾಲಯದ ಸಮರ್ಥನೆ ಎನ್ನಬಹುದು.

ಗಾದೆಗಳು ಜೋಡಿಯಾಗಿ ಬದುಕುತ್ತವೆ. ಒಂದು ಮಾತಿಗೆ ಎದುರು ಮಾತು ಅದೇ ಊರಿನಲ್ಲಿ ಇರುತ್ತದೆ. 'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎಂಬುದು ನಮ್ಮಲ್ಲಿರುವ ಎದುರು ಮಾತು. ವಿಜ್ಞಾನದಲ್ಲಿಯೂ ಎದುರು ಮಾತು ಬಂದದ್ದು ಹಾಡಿನಿಂದಲೇ ಎಂಬುದು ಸೋಜಿಗ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ನೊಟೆಬೋಮ್ ಕೆನರಿ ಹಕ್ಕಿಗಳನ್ನು ಅಭ್ಯಸಿಸುತ್ತಿದ್ದರು. ಗಂಡು ಕೆನರಿ ಋತುವಿನಿಂದ ಋತುವಿಗೆ ತನ್ನ ಹಾಡನ್ನು ಬದಲಿಸುತ್ತದೆ. 1983ರಲ್ಲಿ ಸ್ಟೀವನ್ ಗೋಲ್ಡ್‌ಮನ್ ಮತ್ತು ನೊಟೆಬೋಮ್, ವಯಸ್ಕ ಕೆನರಿಯ ಹಾಡಿನ ಕೇಂದ್ರದಲ್ಲಿ ಹೊಸ ನರಕೋಶಗಳು ಸೇರಿಕೊಳ್ಳುವುದನ್ನು ತೋರಿಸಿದರು. ಈ ಕಥೆಯ ವೃದ್ಧಿಕಾರಕದ ಭಾಗ ಬಿಡಿಸಿಕೊಂಡದ್ದು ಆಮೇಲೆ. 2002ರ ಒಂದು ಅಧ್ಯಯನದಲ್ಲಿ ಸರಪಳಿ ಸ್ಪಷ್ಟವಾಯಿತು. ಟೆಸ್ಟೊಸ್ಟಿರಾನ್ ಹಾರ್ಮೋನು ಹಾಡಿನ ಕೇಂದ್ರದಲ್ಲಿ ವಿಇಜಿಎಫ್ ಎಂಬ ರಕ್ತನಾಳ ಬೆಳೆಸುವ ಕಾರಕವನ್ನು ಹೆಚ್ಚಿಸುತ್ತದೆ. ಬೆಳೆದ ರಕ್ತನಾಳಗಳ ಒಳಪದರ ಬಿಡಿಎನ್‌ಎಫ್ ಎಂಬ ಇನ್ನೊಂದು ಕಾರಕವನ್ನು ಸ್ರವಿಸುತ್ತದೆ. ಅದು ಸುತ್ತ ಅಲೆಯುತ್ತಿರುವ ಎಳೆಯ ನರಕೋಶಗಳನ್ನು ಬರಮಾಡಿಕೊಂಡು ಉಳಿಸುತ್ತದೆ. ನಮ್ಮ ಮಹಾಕಾವ್ಯ ಗಾಯಕರ ನೆನಪಿನ ಬಗ್ಗೆ ಕೆಲಸ ಮಾಡುವವರು ಇಲ್ಲಿಂದ ನೇರವಾಗಿ ಮಾದೇಶ್ವರನ ದೇವರಗುಡ್ಡರಿಗೆ ಜಿಗಿಯಬಾರದು. ಹಕ್ಕಿಯ ಹಾಡಿನ ಕೇಂದ್ರದಂಥ ರಚನೆ ಮನುಷ್ಯರಲ್ಲಿಲ್ಲ. ಆದರೆ ಬಲಿತ ಮಿದುಳು ಮುಚ್ಚಿದ ಬಾಗಿಲು ಎಂಬ ಮಾತನ್ನು ಮೊದಲು ಸಡಿಲಿಸಿದ್ದು ಹಾಡುವ ಜೀವಿ ಎಂಬುದಂತೂ ದಾಖಲೆಯ ಸಂಗತಿ.

3

ವೃದ್ಧಿಕಾರಕಗಳ ಶೋಧ ಇದಕ್ಕೂ ಹಿಂದಿನದು. ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ 1950ರ ದಶಕದಲ್ಲಿ ನರಗಳ ವೃದ್ಧಿಕಾರಕವನ್ನು ಗುರುತಿಸಿದರು. ಕೋಹೆನ್ 1962ರಲ್ಲಿ ಇಜಿಎಫ್ ಎಂಬ, ಚರ್ಮದ ಹೊರಪದರವನ್ನು ಬೆಳೆಸುವ ಕಾರಕವನ್ನು ಬೇರ್ಪಡಿಸಿದರು. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು. ಚರ್ಮದ ಹೆಸರು ಹೊತ್ತ ಈ ಇಜಿಎಫ್, ಮಿದುಳಿನ ಕಥೆಯನ್ನು ತಿರುಗಿಸಿತು.

1992ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮ್ಯುಯೆಲ್ ವೈಸ್, ವಯಸ್ಕ ಇಲಿಯ ಮಿದುಳಿನ ಒಂದು ತುಣುಕನ್ನು ಬಿಡಿ ಕೋಶಗಳಾಗಿಸಿ, ಗಾಜಿನ ತಟ್ಟೆಯಲ್ಲಿ ಇಜಿಎಫ್ ಜೊತೆ ಇಟ್ಟರು. ಬಹುಪಾಲು ಕೋಶಗಳು ಸತ್ತವು. ಉಳಿದ ಕೆಲವು ವಿಭಜನೆಗೊಳ್ಳುತ್ತ ತೇಲುವ ಪುಟ್ಟ ಉಂಡೆಗಳಾದವು. ಆ ಉಂಡೆಗಳಿಂದ ನರಕೋಶಗಳೂ ನರಕೋಶಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳೂ ಹೊರಬಂದವು. ಎಫ್‌ಜಿಎಫ್-2 ಎಂಬ ಮತ್ತೊಂದು ಕಾರಕವೂ ಇದೇ ಕೆಲಸ ಮಾಡಬಲ್ಲದೆಂದು ಬೇರೆ ತಂಡಗಳು ತೋರಿಸಿದವು. ವಯಸ್ಕ ಮಿದುಳಿನಲ್ಲಿ ಬೀಜ ಇಲ್ಲ ಎಂಬ ವಾದ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು, ಬೀಜವಿದ್ದೂ ಮಿದುಳಿನ ಬಹುಭಾಗದಲ್ಲಿ ಬೆಳೆ ಏಕೆ ಇಲ್ಲ ಎಂಬ ಪ್ರಶ್ನೆ.

ಹಾಗಾದರೆ ಕಾರಕವನ್ನು ಹೊರಗಿನಿಂದ ಸುರಿದರಾಯಿತಲ್ಲ ಎಂದು ತೋರುವುದು ಸಹಜ. 1997ರಲ್ಲಿ ಜಾರ್ಜ್ ಕುನ್ ಮತ್ತು ಸಂಗಡಿಗರು ವಯಸ್ಕ ಇಲಿಗಳ ಮಿದುಳಿನ ಕುಹರಕ್ಕೆ ಇಜಿಎಫ್ ಮತ್ತು ಎಫ್‌ಜಿಎಫ್-2 ಇವೆರಡನ್ನೂ ಬೇರೆ ಬೇರೆಯಾಗಿ ಹನಿಸಿ ನೋಡಿದರು. ಕುಹರದ ಅಂಚಿನಲ್ಲಿ ಎರಡೂ ವಿಭಜನೆಯನ್ನು ಹೆಚ್ಚಿಸಿದವು. ಆದರೆ ಇಜಿಎಫ್ ಕೊಟ್ಟಾಗ ವಾಸನೆಯ ಕೇಂದ್ರಕ್ಕೆ ತಲುಪುವ ಹೊಸ ನರಕೋಶಗಳು ಕಡಿಮೆಯಾಗಿ ಗ್ಲಿಯಾ ಕೋಶಗಳು ಹೆಚ್ಚಿದವು. ಹಿಪ್ಪೊಕ್ಯಾಂಪಸ್‌ನಲ್ಲಿ ಎರಡರಿಂದಲೂ ಹೊಸ ನರಕೋಶಗಳ ಹೆಚ್ಚಳವಾಗಲಿಲ್ಲ. ತಟ್ಟೆಯಲ್ಲಿ ಒಂದು, ತಲೆಯೊಳಗೆ ಇನ್ನೊಂದು, ತಲೆಯ ಬೇರೊಂದು ಮೂಲೆಯಲ್ಲಿ ಮತ್ತೊಂದು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಮುಖ್ಯವಾದ ಫಲಿತಾಂಶಗಳಲ್ಲಿ ಇದೊಂದು. ಜಾನಪದ ಅಧ್ಯಯನದಲ್ಲಿ ಪಠ್ಯವನ್ನು ಸಂದರ್ಭದಿಂದ ಕಿತ್ತು ಓದಬಾರದೆಂದು ಅಲನ್ ಡಂಡೆಸ್ 1960ರ ದಶಕದಲ್ಲಿ ವಾದಿಸಿದ್ದು ನಮಗೆಲ್ಲ ತಿಳಿದದ್ದೇ. ಸೋಬಾನೆಯ ಸೊಲ್ಲನ್ನೇ ಸಾವಿನ ಮನೆಯಲ್ಲಿ ಹಾಡಿದರೆ ಅದರ ಅರ್ಥ ಬದಲಾಗುತ್ತದೆ. ವೃದ್ಧಿಕಾರಕವೂ ಅಂಥದೊಂದು ಸೊಲ್ಲು.

ಆ ಸಂದರ್ಭಕ್ಕೆ ಜೀವವಿಜ್ಞಾನಿಗಳು 'ನಿಶ್' ಎಂದು ಹೆಸರಿಟ್ಟಿದ್ದಾರೆ. ಕೋಶದ ಗೂಡು ಎನ್ನಬಹುದು. 2000ದಲ್ಲಿ ಡೇನಿಯಲ್ ಲಿಮ್ ಮತ್ತು ಆರ್ಟುರೊ ಆಲ್ವಾರೆಜ್ ಬುಯಿಯಾ ಅವರ ತಂಡ, ಕುಹರದ ಅಂಚಿನಲ್ಲಿ ಬಿಎಂಪಿ ಎಂಬ ಪ್ರೋಟೀನುಗಳು ಕಾಂಡಕೋಶದ ಮಕ್ಕಳನ್ನು ಗ್ಲಿಯಾ ಕಡೆಗೆ ತಳ್ಳುತ್ತವೆ, ಕುಹರದ ಪದರದಿಂದ ಬರುವ ನಾಗಿನ್ ಎಂಬ ಪ್ರೋಟೀನು ಅವುಗಳನ್ನು ತಡೆದು ನರಕೋಶದ ಹಾದಿ ತೆರೆಯುತ್ತದೆ ಎಂದು ತೋರಿಸಿತು. ಅದೇ ವರ್ಷ ಥಿಯೊ ಪಾಮರ್ ಮತ್ತು ಫ್ರೆಡ್ ಗೇಜ್ ತಂಡ ಹಿಪ್ಪೊಕ್ಯಾಂಪಸ್‌ನ ಹೊಸ ಕೋಶಗಳು ಸೂಕ್ಷ್ಮ ರಕ್ತನಾಳಗಳ ಮಗ್ಗುಲಲ್ಲಿ ಗುಂಪುಗಟ್ಟಿ ಹುಟ್ಟುವುದನ್ನು ಗುರುತಿಸಿತು. ಓಡುವ ಇಲಿಗಳಲ್ಲಿ ಹೊಸ ನರಕೋಶಗಳು ಹೆಚ್ಚುತ್ತವೆಂಬುದು 1999ರಲ್ಲಿ ಗೊತ್ತಾಗಿತ್ತು. ರಕ್ತದಲ್ಲಿ ಹರಿದು ಮಿದುಳನ್ನು ಸೇರುವ ಐಜಿಎಫ್-1 ಮತ್ತು ವಿಇಜಿಎಫ್ ಆ ಹೆಚ್ಚಳಕ್ಕೆ ಬೇಕೇಬೇಕು ಎಂಬುದು 2001 ಮತ್ತು 2003ರ ಅಧ್ಯಯನಗಳಿಂದ ಖಚಿತವಾಯಿತು. ಕಾಲು ಓಡಿದ ಸುದ್ದಿ ರಕ್ತದ ಮೂಲಕ ತಲೆಗೆ ತಲುಪುವ ಬಗೆ ಇದು.

4

ಈಗ ಹೊಸೂರು ರಸ್ತೆಗೆ ಬರೋಣ. ಜಯನಗರಕ್ಕೂ ಲಕ್ಕಸಂದ್ರಕ್ಕೂ ನಡುವೆ ಹರಡಿರುವ ನಿಮ್ಹಾನ್ಸ್ ಆವರಣದ ಮೂಲ ಮೈಸೂರು ಸಂಸ್ಥಾನದ ಹುಚ್ಚಾಸ್ಪತ್ರೆ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಫ್ರಾಂಕ್ ನೊರೊನ್ಹಾ ಮೇಲ್ವಿಚಾರಕರಾಗಿದ್ದ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದ ಉತ್ತರಾರ್ಧದಲ್ಲಿ, ಅದು ಈಗಿನ ಜಾಗಕ್ಕೆ ಬಂತು. 1954ರಲ್ಲಿ ಪಕ್ಕದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎಂ.ವಿ. ಗೋವಿಂದಸ್ವಾಮಿ ಅವರ ನೇತೃತ್ವದಲ್ಲಿ ಆರಂಭವಾಯಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು, ನರಶಸ್ತ್ರವೈದ್ಯ ಆರ್. ಮಾರ್ತಾಂಡವರ್ಮ ಅದರ ಮೊದಲ ನಿರ್ದೇಶಕರು. ಬೆಂಗಳೂರಿನ ಆಡುಮಾತಿನಲ್ಲಿ ಮಾತ್ರ 'ನಿಮ್ಹಾನ್ಸಿಗೆ ಸೇರಿಸಬೇಕು' ಎಂಬುದು ಇಂದಿಗೂ ಬೈಗುಳ. ಹೆಸರು ಬದಲಾದಷ್ಟು ಬೇಗ ಜನರ ಮಾತು ಬದಲಾಗುವುದಿಲ್ಲ.

ಇಲ್ಲಿನ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ದೇಸಿರಾಜು, ಬಿ.ಎಸ್. ಶಂಕರನಾರಾಯಣ ರಾವ್, ಟಿ.ಆರ್. ರಾಜು ಅವರು 1993ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ವಿಷಯಕ್ಕೆ ಪೀಠಿಕೆಯಂತಿದೆ. ಮಿದುಳಿನ ಸುಖದ ಕೇಂದ್ರಗಳಿಗೆ ತಂತಿ ಅಳವಡಿಸಿ, ಸನ್ನೆಕೋಲನ್ನು ತಾವೇ ಒತ್ತಿ ಪ್ರಚೋದನೆ ಪಡೆಯುವ ಅವಕಾಶವನ್ನು ಇಲಿಗಳಿಗೆ ಕೊಟ್ಟಾಗ, ಅವುಗಳ ಹಿಪ್ಪೊಕ್ಯಾಂಪಸ್ ಮತ್ತು ಚಲನ ಕೇಂದ್ರದ ನರಕೋಶಗಳ ಕವಲುಗಳು ಹೆಚ್ಚಿದ್ದವು. ಇಲ್ಲಿ ಹೊಸ ಕೋಶ ಹುಟ್ಟಿರಲಿಲ್ಲ. ಇದ್ದ ಮರವೇ ಹೊಸ ಕೊಂಬೆ ಬಿಟ್ಟಿತ್ತು. ಮರವಾಗಿ ಬಗ್ಗೀತೇ ಎಂಬ ಪ್ರಶ್ನೆಗೆ ಹೊಸೂರು ರಸ್ತೆಯ ಉತ್ತರ, ಬಗ್ಗುವುದಷ್ಟೇ ಅಲ್ಲ, ಚಿಗುರುತ್ತದೆ ಎಂಬುದಾಗಿತ್ತು.

ಮುಂದಿನ ದಶಕದಲ್ಲಿ ಇದೇ ವಿಭಾಗ ಹೊಸ ಕೋಶಗಳ ಎಣಿಕೆಗೂ ಕೈಹಾಕಿತು. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲುಗಾಡದಂತೆ ಕಟ್ಟಿಹಾಕಿ ದೀರ್ಘಕಾಲದ ಒತ್ತಡಕ್ಕೆ ಗುರಿಮಾಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಕೋಶಗಳ ಹುಟ್ಟು ಕುಗ್ಗಿತ್ತು. ಬಳಿಕ ಆಟದ ವಸ್ತುಗಳೂ ಜೊತೆಗಾರರೂ ಇರುವ ಸಮೃದ್ಧ ಪಂಜರದಲ್ಲಿ ಅವನ್ನು ಇರಿಸಿದಾಗ ಕುಗ್ಗಿದ್ದು ಮತ್ತೆ ಚೇತರಿಸಿತು, ಕಲಿಕೆಯೂ ಸುಧಾರಿಸಿತು. ಬಿಂದು ಕುಟ್ಟಿ ಅವರ ತಂಡದ 2007ರ ಲೇಖನ ಇದಕ್ಕಿಂತ ಕುತೂಹಲಕರ. ಹಿಪ್ಪೊಕ್ಯಾಂಪಸ್‌ಗೆ ಅಂಟಿದ ಸಬಿಕ್ಯುಲಮ್ ಭಾಗಕ್ಕೆ ಪೆಟ್ಟಾದ ಇಲಿಗಳನ್ನು ಅಲ್ಪಕಾಲ ಸಮೃದ್ಧ ಪರಿಸರದಲ್ಲಿ ಇಟ್ಟಾಗ ನರಕೋಶಗಳ ಕವಲು ಹೆಚ್ಚಿತು, ಆದರೆ ಬಿಡಿಎನ್‌ಎಫ್ ಹೆಚ್ಚಲಿಲ್ಲ. ಎಲ್ಲ ಚೇತರಿಕೆಗೂ ಬಿಡಿಎನ್‌ಎಫ್ ಕಾರಣ ಎಂದು ಹೇಳುವುದು ವಾಡಿಕೆಯಾಗಿದ್ದ ದಿನಗಳಲ್ಲಿ, ಹಾಗಾಗಲಿಲ್ಲ ಎಂಬುದನ್ನು ಶೀರ್ಷಿಕೆಯಲ್ಲಿಯೇ ಹೇಳಿದ ಲೇಖನ ಅದು. ಇಂಥ 'ಆಗಲಿಲ್ಲ'ಗಳನ್ನು ನಮ್ಮ ಕ್ಷೇತ್ರಕಾರ್ಯದ ವರದಿಗಳೂ ದಾಖಲಿಸುವಂತಾದರೆ ಒಳ್ಳೆಯದು.

ಆಸ್ಪತ್ರೆಯ ಕಡೆಯಿಂದ ನೋಡಿದರೆ ವೃದ್ಧಿಕಾರಕದ ಕಥೆಗೆ ಇನ್ನೊಂದು ಮುಖವಿದೆ. ಹಳ್ಳಿಗಳಲ್ಲಿ 'ಕರೆಂಟು ಕೊಡುವುದು' ಎಂದು ಕರೆಯುವ ವಿದ್ಯುತ್ ಕಂಪನ ಚಿಕಿತ್ಸೆಯ ಬಗ್ಗೆ ಇರುವ ಭಯ ಸಣ್ಣದಲ್ಲ. ಕರೆಂಟು ಮಿದುಳನ್ನು ಸುಡುತ್ತದೆ, ಇರುವ ಬುದ್ಧಿಯೂ ಹೋಗುತ್ತದೆ ಎಂಬ ಮಾತನ್ನು ರೋಗಿಗಳ ಮನೆಯವರ ಬಾಯಲ್ಲಿ ಕೇಳಬಹುದು. ಆ ಚಿಕಿತ್ಸೆಯಿಂದ ಕೆಲಕಾಲ ಮರೆವು ಉಂಟಾಗುವುದು ನಿಜವಾದ್ದರಿಂದ ಈ ಭಯವನ್ನು ಬರೀ ಮೌಢ್ಯವೆಂದು ತಳ್ಳಿಹಾಕಲಾಗದು. ಆದರೆ 1995ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಡ್ಯೂಮನ್ ತಂಡ, ಇಲಿಗಳಿಗೆ ಇಂಥ ಕಂಪನ ಕೊಟ್ಟಾಗ ಹಿಪ್ಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ಹೆಚ್ಚುವುದನ್ನು ತೋರಿಸಿತು. ಹೊಸ ಕೋಶಗಳ ಹುಟ್ಟೂ ಹೆಚ್ಚುತ್ತದೆಂಬುದು 2000ದಲ್ಲಿ ತಿಳಿಯಿತು. ಡ್ಯೂಮನ್ ಅವರ ಬಳಿ ಸಂಶೋಧನೆ ಮಾಡಿದ ವಿದಿತಾ ವೈದ್ಯ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ದಾರಿಯನ್ನು ಮುಂದುವರಿಸಿದರು; 2022ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಸಂದಿತು. ಸುಡುತ್ತದೆಂದು ಜನ ಹೆದರುವ ಕರೆಂಟು, ಇಲಿಯ ಮಿದುಳಿನಲ್ಲಾದರೂ, ಬೆಳೆಸುವ ಕಾರಕವನ್ನು ಹೆಚ್ಚಿಸುತ್ತಿತ್ತು.

ನಿಮ್ಹಾನ್ಸ್‌ನಲ್ಲಿ ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು 2013ರಲ್ಲಿ ಖಿನ್ನತೆಯ ರೋಗಿಗಳ ಮೇಲೆ ಯೋಗದ ಪರಿಣಾಮವನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ರಕ್ತದ ಬಿಡಿಎನ್‌ಎಫ್ ಅನ್ನು ಅಳೆಯಲಾಗಿತ್ತು. ಯೋಗ ಮಾತ್ರ ಮಾಡಿದ ಗುಂಪಿನಲ್ಲಿ ಖಿನ್ನತೆ ಇಳಿದಷ್ಟೂ ಬಿಡಿಎನ್‌ಎಫ್ ಏರಿದ ಸಂಬಂಧ ಕಂಡಿತು. ಇದನ್ನು ಹಿಡಿದು ಯೋಗದಿಂದ ಮಿದುಳಿನಲ್ಲಿ ಹೊಸ ಕೋಶ ಹುಟ್ಟುತ್ತದೆಂದು ಭಾಷಣಗಳಲ್ಲಿ ಸಾರುವವರಿದ್ದಾರೆ. ಅಧ್ಯಯನ ಹಾಗೆ ಹೇಳಿಲ್ಲ. ರಕ್ತದ ಬಿಡಿಎನ್‌ಎಫ್‌ನ ಬಹುಪಾಲು ಕಿರುಬಿಲ್ಲೆಗಳಲ್ಲಿ ಸಂಗ್ರಹವಾಗಿರುವಂಥದು. ಅದರ ಏರಿಕೆಯನ್ನು ಕಾಂಡಕೋಶದ ವಿಭಜನೆಯೊಂದಿಗೆ ಸಮೀಕರಿಸಲು ಬರುವುದಿಲ್ಲ. ಹಳೆಯ ಗಾದೆ ಸತ್ತ ಜಾಗದಲ್ಲಿ ಅಷ್ಟೇ ಮೊಂಡಾದ ಹೊಸ ಗಾದೆ ಹುಟ್ಟುತ್ತಿರುವುದಕ್ಕೆ ಇದು ಒಂದು ನಿದರ್ಶನ. ಇದರ ಅಪಾಯಕಾರಿ ರೂಪವೆಂದರೆ ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಿಗೆ ಕಾಂಡಕೋಶ ಚುಚ್ಚಿ ಗುಣಪಡಿಸುವ ಭರವಸೆ ಮಾರುವ ವ್ಯಾಪಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2013ರ ಮಾರ್ಗಸೂಚಿಯ ಶೀರ್ಷಿಕೆಯಿಂದ 'ಚಿಕಿತ್ಸೆ' ಎಂಬ ಪದವನ್ನೇ ತೆಗೆದುಹಾಕಿದವು. ಅನುಮೋದಿತ ಪ್ರಯೋಗಗಳ ಹೊರಗೆ ಇಂಥ ಬಳಕೆ ಅನೈತಿಕವೆಂದು 2017ರ ಮಾರ್ಗಸೂಚಿ ಸ್ಪಷ್ಟಪಡಿಸಿತು. ಇಜಿಎಫ್ ಹನಿಸಿದ ಇಲಿಯ ಮಿದುಳಿನಲ್ಲಿ ನರಕೋಶದ ಬದಲು ಗ್ಲಿಯಾ ಹೆಚ್ಚಿದ 1997ರ ಫಲಿತಾಂಶವನ್ನು ನೆನೆದರೆ ಈ ಎಚ್ಚರದ ಕಾರಣ ತಿಳಿಯುತ್ತದೆ.

5

ಇಲಿಯ ವಿಷಯ ಇತ್ಯರ್ಥವಾಯಿತು. ಮನುಷ್ಯರದು? 1998ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್ಸನ್ ಮತ್ತು ಫ್ರೆಡ್ ಗೇಜ್, ಬದುಕಿದ್ದಾಗ ಕೋಶವಿಭಜನೆಯನ್ನು ಗುರುತಿಸುವ ವಸ್ತುವನ್ನು ಪಡೆದಿದ್ದ ಐವರು ಕ್ಯಾನ್ಸರ್ ರೋಗಿಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿ, ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳಿವೆಯೆಂದು ವರದಿ ಮಾಡಿದರು. 2013ರಲ್ಲಿ ಕಿರ್ಸ್ಟಿ ಸ್ಪಾಲ್ಡಿಂಗ್ ಮತ್ತು ಯೋನಾಸ್ ಫ್ರಿಸೇನ್ ತಂಡ, ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳು ವಾತಾವರಣಕ್ಕೆ ಬಿಟ್ಟ ಇಂಗಾಲ-14ರ ಗುರುತನ್ನು ಕೋಶಗಳಲ್ಲಿ ಅಳೆದು, ಪ್ರತಿ ಹಿಪ್ಪೊಕ್ಯಾಂಪಸ್‌ಗೆ ದಿನಕ್ಕೆ ಸುಮಾರು 700 ಹೊಸ ನರಕೋಶಗಳು ಸೇರುತ್ತವೆಂದು ಲೆಕ್ಕ ಹಾಕಿತು. 2018ರ ಮಾರ್ಚಿಯಲ್ಲಿ ಶಾನ್ ಸೊರೆಲ್ಸ್ ಮತ್ತು ಆಲ್ವಾರೆಜ್ ಬುಯಿಯಾ ತಂಡ, ಬಾಲ್ಯ ಕಳೆದ ಮೇಲೆ ಹೊಸ ನರಕೋಶ ಕಾಣುವುದೇ ಇಲ್ಲವೆಂದಿತು. ಒಂದೇ ತಿಂಗಳಲ್ಲಿ ಮೌರಾ ಬೊಲ್ಡ್ರಿನಿ ತಂಡ, 79 ವಯಸ್ಸಿನವರಲ್ಲಿಯೂ ಅವು ಇವೆಯೆಂದಿತು. ಕಹಾಲ್‌ನ ಮಾತು ಒಮ್ಮೆ ಸತ್ತು, ಮತ್ತೆ ಎದ್ದು ಕುಳಿತಂತಾಯಿತು.

ಇಷ್ಟು ದೊಡ್ಡ ಭಿನ್ನಾಭಿಪ್ರಾಯದ ಒಂದು ಕಾರಣ ತೀರ ಸಾಮಾನ್ಯವಾದದ್ದು. 2019ರಲ್ಲಿ ಮ್ಯಾಡ್ರಿಡ್‌ನ ಮರಿಯಾ ಯೊರೆನ್ಸ್ ಮಾರ್ಟಿನ್ ತಂಡ, ಎಳೆಯ ನರಕೋಶದ ಗುರುತಾದ ಡಬಲ್‌ಕಾರ್ಟಿನ್ ಎಂಬ ಪ್ರೋಟೀನು ಮಿದುಳನ್ನು ರಾಸಾಯನಿಕದಲ್ಲಿ ನೆನೆಸಿಟ್ಟ ಕಾಲ ಹೆಚ್ಚಿದಂತೆ ಕಾಣದಾಗುತ್ತದೆಂದು ತೋರಿಸಿತು. ಎಚ್ಚರದಿಂದ ಸಂಸ್ಕರಿಸಿದ ಮಾದರಿಗಳಲ್ಲಿ 87 ವಯಸ್ಸಿನವರೆಗೂ ಎಳೆಯ ಕೋಶಗಳು ಕಂಡವು. ಆಲ್‌ಜೈಮರ್ ಕಾಯಿಲೆಯವರಲ್ಲಿ ಅವು ಇಳಿಮುಖವಾಗಿದ್ದವು. 2025ರ ಜುಲೈಯಲ್ಲಿ ಫ್ರಿಸೇನ್ ತಂಡ, ಹಸುಗೂಸಿನಿಂದ 78 ವಯಸ್ಸಿನವರೆಗಿನ ಮಿದುಳುಗಳ ಕೋಶಕೇಂದ್ರಗಳಲ್ಲಿನ ಆರ್‌ಎನ್‌ಎ ಓದಿ, ವಿಭಜನೆಗೊಳ್ಳುತ್ತಿರುವ ಪೂರ್ವಜ ಕೋಶಗಳನ್ನೇ ವಯಸ್ಕರಲ್ಲಿ ಗುರುತಿಸಿತು. ಅವು ಎಲ್ಲರಲ್ಲಿ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆ. ಸದ್ಯಕ್ಕೆ ತಕ್ಕಡಿ 'ಉಂಟು' ಎಂಬ ಕಡೆಗೆ ವಾಲಿದೆ. ವಾದ ಪೂರ್ತಿ ಮುಗಿದಿಲ್ಲ.

ಇಲ್ಲಿಂದ ಪ್ರಶ್ನೆ ವೃದ್ಧಿಕಾರಕದಿಂದ ಗಡಿಯಾರದ ಕಡೆಗೆ ತಿರುಗುತ್ತದೆ. ಸಾವಾದ ಎಷ್ಟು ಹೊತ್ತಿಗೆ ಮಿದುಳು ಕೈಗೆ ಬರುತ್ತದೆ, ಅದನ್ನು ಹೇಗೆ ಇಡಲಾಗುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಈ ಕೆಲಸಕ್ಕಾಗಿಯೇ ನಿಮ್ಹಾನ್ಸ್‌ನ ನರರೋಗನಿದಾನ ವಿಭಾಗದಲ್ಲಿ 1995ರಲ್ಲಿ ಎಸ್.ಕೆ. ಶಂಕರ್ ಅವರ ಪರಿಶ್ರಮದಿಂದ ಮಾನವ ಮಿದುಳು ಅಂಗಾಂಶ ಭಂಡಾರ ಸ್ಥಾಪನೆಯಾಯಿತು. ಜನರು ಅದನ್ನು ಮಿದುಳು ಬ್ಯಾಂಕ್ ಎನ್ನುತ್ತಾರೆ. ಮನೆಯವರ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ಫಾರ್ಮಲಿನ್‌ನಲ್ಲಿಯೂ ಅತಿಶೀತದಲ್ಲಿಯೂ ಇಟ್ಟು ಸಂಶೋಧಕರಿಗೆ ಒದಗಿಸುವುದು ಅದರ ಕೆಲಸ. ಅದಕ್ಕೆ ಸೇರಿದ ವಸ್ತುಸಂಗ್ರಹಾಲಯದಲ್ಲಿ ಶಾಲಾ ಮಕ್ಕಳು ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಇನ್ನೊಂದು ದಾರಿಯೂ ತೆರೆದಿದೆ. ಮಾನಸಿಕ ಕಾಯಿಲೆಗಳು ಒಂದಕ್ಕಿಂತ ಹೆಚ್ಚು ಜನರಲ್ಲಿ ಕಾಣಿಸಿಕೊಂಡ ಕುಟುಂಬಗಳವರ ರಕ್ತಕೋಶಗಳನ್ನು ಹಿಮ್ಮುಖವಾಗಿ ಕಾಂಡಕೋಶಗಳಾಗಿಸಿ, ಅವುಗಳಿಂದ ನರಕೋಶದ ಪೂರ್ವಜರನ್ನು ಬೆಳೆಸುವ ಯೋಜನೆಯನ್ನು ನಿಮ್ಹಾನ್ಸ್, ನಗರದ ಉತ್ತರ ಭಾಗದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು 2010ರ ದಶಕದಿಂದ ಒಟ್ಟಾಗಿ ನಡೆಸಿಕೊಂಡು ಬಂದಿವೆ. ಅಲ್ಲಿಯೂ ತಟ್ಟೆಯಲ್ಲಿ ಕೋಶಗಳನ್ನು ಬದುಕಿಸುವುದು ಎಫ್‌ಜಿಎಫ್-2ರಂಥ ಕಾರಕಗಳೇ. ಆದರೆ ಬದುಕಿದ್ದವರ ರಕ್ತದಿಂದ ತಟ್ಟೆಯಲ್ಲಿ ಬೆಳೆದ ಕೋಶ, ಎಂಬತ್ತು ವರ್ಷ ಬಾಳಿದ ಮಿದುಳಿನ ಗೂಡಿಗೆ ಬದಲಿಯಾಗಲಾರದು.

ಮಿದುಳು ದಾನ ಕೇಳುವ ಗಳಿಗೆ ಯಾವುದೆಂಬುದನ್ನು ನಾವು ಯೋಚಿಸಬೇಕು. ನಮ್ಮ ಹಳ್ಳಿಗಳಲ್ಲಿ ಹೆಣ ಎತ್ತುವ ತನಕ ಅಕ್ಕಪಕ್ಕದ ಮನೆಯವರೂ ಒಲೆ ಹಚ್ಚುವುದಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂಬ ಆತುರ ಎಲ್ಲರಿಗೂ ಇರುತ್ತದೆ. ಮಗಳು ಬರುವ ತನಕ ಕಾಯುವುದೋ ಬೇಡವೋ ಎಂಬುದೇ ದೊಡ್ಡ ಜಗಳವಾಗುವ ಹೊತ್ತು ಅದು. ಪ್ರಯೋಗಾಲಯ ಕೇಳುವುದೂ ಸರಿಯಾಗಿ ಇದೇ ಕೆಲವು ಗಂಟೆಗಳನ್ನು. ತಲೆಯ ವಿಷಯವಂತೂ ಇನ್ನೂ ಸೂಕ್ಷ್ಮ. ಬುರುಡೆಯ ಹೊಲಿಗೆಗೆರೆಗಳೇ ಬ್ರಹ್ಮ ಬರೆದ ಹಣೆಬರಹವೆಂಬ ಮಾತು ಹಲವೆಡೆ ಕೇಳಿಬರುತ್ತದೆ. ಸುಡುವ ಸಮುದಾಯಗಳಲ್ಲಿ ಪ್ರಾಣ ಬ್ರಹ್ಮರಂಧ್ರದಿಂದ ಹೊರಡಲೆಂದು ಕಪಾಲಕ್ರಿಯೆ ಮಾಡುವುದುಂಟು. ಆಡುಮಾತಿನಲ್ಲಿ ಕೆನ್ನೆಗೆ ಬೀಳುವ ಏಟಿಗೆ 'ಕಪಾಲಮೋಕ್ಷ' ಎಂಬ ಹೆಸರು ಬಂದದ್ದು ಈ ನಂಬಿಕೆಯ ನೆರಳಿನಲ್ಲಿಯೇ ಇರಬೇಕು. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವಾಗ ತಲೆ ನೆಟ್ಟಗೆ ನಿಲ್ಲಬೇಕು. ಇಂಥ ಮನೆಗಳಲ್ಲಿ ತಲೆ ತೆರೆಯುವ ಮಾತನ್ನು ಎತ್ತುವುದು ಸುಲಭವಲ್ಲ.

ಹಾಗೆಂದು ನಮ್ಮ ಜನ ದೇಹದ ಭಾಗವನ್ನು ಕೊಡಲಾರರು ಎಂಬ ತೀರ್ಮಾನ ತಪ್ಪು. 2006ರ ಏಪ್ರಿಲ್ 12ರಂದು ರಾಜಕುಮಾರ್ ನಿಧನರಾದಾಗ, 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ನಿಧನರಾದಾಗ, ಇಬ್ಬರ ಕಣ್ಣುಗಳನ್ನೂ ದಾನ ಮಾಡಲಾಯಿತು. ಪುನೀತ್ ಅವರ ಮರಣದ ನಂತರ ನೇತ್ರದಾನಕ್ಕೆ ಹೆಸರು ನೋಂದಾಯಿಸಲು ಜನ ಸಾಲುಗಟ್ಟಿದರು. ರಾಜಕುಮಾರ್ 1954ರಲ್ಲಿ ನಾಯಕರಾಗಿ ಬೆಳಕಿಗೆ ಬಂದ ಚಿತ್ರ 'ಬೇಡರ ಕಣ್ಣಪ್ಪ', ದೇವರಿಗೆ ತನ್ನ ಕಣ್ಣು ಕಿತ್ತುಕೊಟ್ಟ ಶರಣನ ಕಥೆ. ಹರಿಹರನ ರಗಳೆಯಿಂದ ಬಯಲಾಟದವರೆಗೆ ಹರಿದುಬಂದ ಕಣ್ಣು ಕೊಡುವ ಕಥೆಯೊಂದು ಕನ್ನಡಿಗರ ಬಳಿ ಮೊದಲೇ ಇತ್ತು. ನೇತ್ರದಾನದ ಮನವಿ ಬಂದು ಸೇರಿಕೊಂಡದ್ದು ಆ ಕಥೆಯ ಅಚ್ಚಿನೊಳಕ್ಕೆ. ತಲೆ ಕೊಡುವ ಕಥೆಯೂ ನಮ್ಮಲ್ಲಿತ್ತು. ಬಗ್ಗಿಸಿದ ಗಳುವಿಗೆ ಜುಟ್ಟು ಕಟ್ಟಿಸಿಕೊಂಡು ತಲೆ ಕತ್ತರಿಸಿಕೊಡುವ ಸಿಡಿತಲೆಯ ವೀರಗಲ್ಲುಗಳು ಕರ್ನಾಟಕದ ಅನೇಕ ಊರುಗಳಲ್ಲಿ ನಿಂತಿವೆ. ಆದರೆ ಅದು ಒಡೆಯನಿಗಾಗಿ, ಹರಕೆಗಾಗಿ ಕೊಟ್ಟ ತಲೆ; ಆ ಆಚರಣೆಯೊಂದಿಗೆ ಅದರ ಕಥನವೂ ನಿಂತುಹೋಯಿತು. ಕಣ್ಣು ಕೊಟ್ಟರೆ ಇನ್ನೊಬ್ಬರು ನೋಡುತ್ತಾರೆ. ಮಿದುಳು ಕೊಟ್ಟರೆ ಯಾರೂ ಅದರಿಂದ ಯೋಚಿಸುವುದಿಲ್ಲ. ಯಾರೋ ಅದರ ತೆಳು ಪದರವನ್ನು ಗಾಜಿನ ಮೇಲಿಟ್ಟು ಎಳೆಯ ಕೋಶಗಳನ್ನು ಎಣಿಸುತ್ತಾರೆ, ಅಷ್ಟೆ.

ಮೇಲೆ ಹೇಳಿದ ಮಾನವ ಮಿದುಳಿನ ಪ್ರಸಿದ್ಧ ಎಣಿಕೆಗಳು ಹೆಚ್ಚಾಗಿ ಅಮೆರಿಕ, ಸ್ಪೇನ್, ಸ್ವೀಡನ್‌ನ ತಂಡಗಳವು. ಅಲ್ಲಿನ ಮಿದುಳು ಬ್ಯಾಂಕುಗಳಲ್ಲಿ ಬದುಕಿರುವಾಗಲೇ ದಾನಪತ್ರ ಬರೆದಿಟ್ಟು, ನೆನಪಿನ ಪರೀಕ್ಷೆಗಳಿಗೆ ಒಳಗಾಗುತ್ತ ಬಂದ ಹಿರಿಯರ ಪಟ್ಟಿಗಳಿರುತ್ತವೆ. ಹೊಸೂರು ರಸ್ತೆಯ ಭಂಡಾರಕ್ಕೆ ಬಂದ ಮಿದುಳುಗಳಲ್ಲಿ ಅಪಘಾತದಂಥ ಆಕಸ್ಮಿಕ ಸಾವುಗಳ ಶವಪರೀಕ್ಷೆಯ ವೇಳೆ, ಶವಾಗಾರದ ಹೊರಗೆ ಕುಳಿತ ಮನೆಯವರನ್ನು ಕೇಳಿ ಪಡೆದವು ಬಹಳ. ಆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರು ಮಗನನ್ನೋ ಗಂಡನನ್ನೋ ಕಳೆದುಕೊಂಡು ಇನ್ನೂ ಒಂದು ದಿನವೂ ಆಗಿರದವರು. ಅವರಲ್ಲಿ ಕೆಲವರು ಏನು ಯೋಚಿಸಿ ಒಪ್ಪಿದರು, ಊರಿಗೆ ಮರಳಿದ ಮೇಲೆ ಬಳಗದವರಿಗೆ ಏನೆಂದು ಹೇಳಿದರು, ತಿಥಿಯ ದಿನ ಆ ಮಾತು ಬಂತೇ ಎಂಬುದನ್ನು ದಾಖಲಿಸುವ ಕ್ಷೇತ್ರಕಾರ್ಯ ಜಾನಪದ ವಿಭಾಗಗಳು ಕೈಗೆತ್ತಿಕೊಳ್ಳಬಹುದಾದ ಕೆಲಸ.